ಇನ್ಸುಲಿನ್ ಮಿಗುತ್ತಿದ್ದರೆ ಗಮನವಿರಲಿ

ಇನ್ಸುಲಿನ್ ಪೆನ್ನಿಗೆ ಹಾಕುವ ಮೂರು ಮಿಲಿಲೀಟರಿನ ಕಾರ್ಟ್ರಿಡ್ಜಿನಲ್ಲಿ 300 ಯೂನಿಟ್ ಇರುತ್ತದೆ. ಊಟದ ಹೊತ್ತಿಗೆ ತೆಗೆದುಕೊಳ್ಳುವ ಇನ್ಸುಲಿನ್ ದಿನಕ್ಕೆ 20 ಯೂನಿಟ್ ಬೇಕಿರುವ ಹದಿನಾರರ ಹುಡುಗಿಗೆ ಅದು ಸುಮಾರು ಹನ್ನೆರಡು ದಿನಕ್ಕೆ ಮುಗಿಯಬೇಕು. ಪ್ರತಿ ಸಲ ಸೂಜಿ ಸರಿಯಿದೆಯೇ ಎಂದು ನೋಡಲು ಹೊರಗೆ ಬಿಡುವ ಎರಡೆರಡು ಯೂನಿಟ್ಟೂ ಈ ಲೆಕ್ಕದಲ್ಲಿ ಸೇರಿದೆ. ತಿಂಗಳು ಕಳೆದರೂ ಅದೇ ಕಾರ್ಟ್ರಿಡ್ಜ್ ನಡೆಯುತ್ತಿದೆ, ಹೊಸದು ತನ್ನಿ ಎಂದು ಮಗಳು ಕೇಳುತ್ತಲೇ ಇಲ್ಲ ಎಂದರೆ ಎಲ್ಲೋ ಡೋಸ್ ತಪ್ಪುತ್ತಿದೆ ಎಂದೇ ಅರ್ಥ.

ತಪ್ಪುವುದಕ್ಕೆ ಕಾರಣ ಹಲವು. ಮರೆವು ಒಂದು. ಮನೆಯ ಖರ್ಚು ನೋಡಿ ತಾನೇ ಉಳಿತಾಯಕ್ಕಿಳಿಯುವ ಮಕ್ಕಳೂ ಇದ್ದಾರೆ. ಕಾಲೇಜಿನಲ್ಲಿ ಗೆಳತಿಯರ ಮುಂದೆ ಸೂಜಿ ಚುಚ್ಚಿಕೊಳ್ಳಲು ನಾಚಿಕೆ ಇನ್ನೊಂದು. ಇವುಗಳ ಜೊತೆಗೆ, ಮನೆಯವರ ಊಹೆಗೆ ಸುಲಭವಾಗಿ ಬರದ ನಾಲ್ಕನೆಯ ಕಾರಣವಿದೆ: ಇನ್ಸುಲಿನ್ ತೆಗೆದುಕೊಂಡರೆ ದಪ್ಪವಾಗುತ್ತೇನೆ ಎಂಬ ಹೆದರಿಕೆ. ಟೈಪ್ 1 ಡಯಾಬಿಟಿಸ್ ಇರುವ ಹರೆಯದವರಲ್ಲಿ ಈ ಹೆದರಿಕೆ ಬೆಳೆದು ಕಾಯಿಲೆಯಾಗುವುದನ್ನು ವೈದ್ಯರು ದಶಕಗಳಿಂದ ನೋಡುತ್ತ ಬಂದಿದ್ದಾರೆ. ತೂಕಕ್ಕೆ ಹೆದರಿ ಇನ್ಸುಲಿನ್ ಬಿಡುವುದಕ್ಕೆ ಪತ್ರಿಕೆಗಳು ಡಯಾಬುಲಿಮಿಯಾ ಎಂದು ಹೆಸರಿಟ್ಟಿವೆ. ಸಕ್ಕರೆ ಕಾಯಿಲೆಗೆ ಈಟಿಂಗ್ ಡಿಸಾರ್ಡರ್, ಅಂದರೆ ಊಟದ ರೀತಿ ಹದಗೆಡುವ ಮಾನಸಿಕ ಕಾಯಿಲೆ ಜೊತೆಯಾದರೆ ಎರಡೂ ಒಂದನ್ನೊಂದು ಕೆಡಿಸುತ್ತವೆ. ಆದ್ದರಿಂದ ಶುರುವಾಗದಂತೆ ನೋಡಿಕೊಳ್ಳುವುದೇ ಒಳ್ಳೆಯದು. ಆ ಕೆಲಸದ ದೊಡ್ಡ ಪಾಲು ನಡೆಯುವುದು ಆಸ್ಪತ್ರೆಯಲ್ಲಲ್ಲ, ಮನೆಯಲ್ಲಿ, ಊಟಕ್ಕೆ ಕೂತಾಗ.

ಕಾಯಿಲೆ ಮೊದಲು ಪತ್ತೆಯಾದಾಗ ಏನಾಗಿತ್ತು ಎಂಬುದನ್ನು ತಂದೆತಾಯಿ ನೆನಪಿಸಿಕೊಳ್ಳಬೇಕು. ಮಗು ಎಷ್ಟು ತಿಂದರೂ ಇಳಿದುಹೋಗುತ್ತಿತ್ತು, ನೀರು ಕುಡಿದಷ್ಟೂ ಬಾಯಾರಿಕೆ, ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುವುದು. ಇನ್ಸುಲಿನ್ ಇಲ್ಲದ ದೇಹಕ್ಕೆ ತಿಂದ ಅನ್ನದ ಗ್ಲೂಕೋಸ್ ದಕ್ಕುವುದಿಲ್ಲ. ರಕ್ತದ ಒಂದು ಡೆಸಿಲೀಟರಿನಲ್ಲಿ ಅದು ಸುಮಾರು 180 ಮಿಲಿಗ್ರಾಂ ದಾಟಿತೆಂದರೆ ಮೂತ್ರದಲ್ಲಿ ಸೋರತೊಡಗುತ್ತದೆ, ಜೊತೆಗೆ ನೀರನ್ನೂ ಎಳೆದೊಯ್ಯುತ್ತದೆ. ಹಸಿದ ದೇಹ ತನ್ನದೇ ಸ್ನಾಯು, ಕೊಬ್ಬನ್ನು ಕರಗಿಸಿಕೊಳ್ಳುತ್ತದೆ. ಚಿಕಿತ್ಸೆ ಶುರುವಾದೊಡನೆ, ಕಳೆದುಹೋದದ್ದೆಲ್ಲ ಕೆಲವೇ ವಾರಗಳಲ್ಲಿ ತುಂಬಿಕೊಳ್ಳುತ್ತದೆ. ಮಗು ಹುಷಾರಾಗುತ್ತಿರುವುದಕ್ಕೆ ಅದೇ ಗುರುತು.

ನೂರು ವರ್ಷದ ಹಿಂದೆ ಹೀಗೆ ತೂಕ ಮರಳಿದ್ದನ್ನು ಜನ ಪವಾಡವೆಂಬಂತೆ ನೋಡಿದರು. ಮುಂದೆ ಅಮೆರಿಕದ ವಿದೇಶಾಂಗ ಕಾರ್ಯದರ್ಶಿಯಾದ ಚಾರ್ಲ್ಸ್ ಇವಾನ್ಸ್ ಹ್ಯೂಸ್ ಅವರ ಮಗಳು ಎಲಿಜಬೆತ್‌ಗೆ 1919ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ ಸಕ್ಕರೆ ಕಾಯಿಲೆ ಪತ್ತೆಯಾಯಿತು. ಆಗ ಇನ್ಸುಲಿನ್ ಇರಲಿಲ್ಲ. ಡಾ. ಫ್ರೆಡರಿಕ್ ಅಲೆನ್ ಎಂಬ ವೈದ್ಯರ ಬಳಿ ಇದ್ದ ದಾರಿ ಒಂದೇ, ರೋಗಿಯನ್ನು ಉಪವಾಸದಲ್ಲಿಟ್ಟು ಸಾವನ್ನು ಮುಂದೂಡುವುದು. ಪ್ರತಿ ತುತ್ತನ್ನೂ ತೂಗಿ ಕೊಡುತ್ತಿದ್ದರು. ಮೂರು ವರ್ಷ ಹಾಗೆ ಬದುಕಿದ ಹುಡುಗಿ 1922ರ ಆಗಸ್ಟಿನಲ್ಲಿ, ಇನ್ಸುಲಿನ್ ಕಂಡುಹಿಡಿದವರಲ್ಲಿ ಒಬ್ಬರಾದ ಟೊರಾಂಟೊದ ಡಾ. ಫ್ರೆಡರಿಕ್ ಬ್ಯಾಂಟಿಂಗ್ ಅವರ ಬಳಿಗೆ ಬಂದಾಗ, ಹದಿನೈದು ತುಂಬುತ್ತಿದ್ದ ಅವಳ ತೂಕ ಸುಮಾರು ಇಪ್ಪತ್ತು ಕಿಲೋ. ಇನ್ಸುಲಿನ್ ಸಿಕ್ಕ ಮೇಲೆ ಮೈದುಂಬಿಕೊಂಡಳು, ಓದಿದಳು, ಮದುವೆಯಾಗಿ ಮೂರು ಮಕ್ಕಳ ತಾಯಿಯಾದಳು. 1981ರವರೆಗೂ ಬದುಕಿದ್ದಳು.

ಇಂದು ಅದೇ ತೂಕ ಮರಳಿದಾಗ ಮನೆಯಲ್ಲಿ ಏನು ಮಾತು ಬರುತ್ತದೆ? “ಅಯ್ಯೋ, ಆಸ್ಪತ್ರೆಯಿಂದ ಬಂದ ಮೇಲೆ ಎಷ್ಟು ದಪ್ಪ ಆಗ್ಬಿಟ್ಟೆ ಪುಟ್ಟಿ” ಎಂದು ಚಿಕ್ಕಮ್ಮ ಅಕ್ಕರೆಯಿಂದಲೇ ಹೇಳುತ್ತಾರೆ. ಮೊದಲು ತೆಳ್ಳಗಿದ್ದದ್ದೇ ಚೆನ್ನಾಗಿತ್ತು ಎಂದು ಗೆಳತಿ ಹೇಳುತ್ತಾಳೆ. ಕಾಯಿಲೆಯಲ್ಲಿ ಸೊರಗಿದ್ದಾಗಿನ ಮೈ ಹುಡುಗಿಯ ಕಣ್ಣಿಗೆ ತನ್ನ ನಿಜವಾದ ಮೈಯಾಗುತ್ತದೆ, ಹಾಳುಮಾಡಿದ್ದು ಇನ್ಸುಲಿನ್ ಎಂಬ ಭಾವನೆ ಬೇರೂರುತ್ತದೆ. ತಡೆಯುವ ಕೆಲಸ ಇಲ್ಲಿಂದಲೇ ಶುರುವಾಗಬೇಕು. ಮೊದಲ ಸಲ ಆಸ್ಪತ್ರೆಯಿಂದ ಮನೆಗೆ ಕಳಿಸುವಾಗಲೇ, ಮುಂದಿನ ವಾರಗಳಲ್ಲಿ ತೂಕ ಏರುತ್ತದೆ, ಏರಬೇಕು, ನಿನ್ನ ದೇಹ ಕಳೆದುಕೊಂಡದ್ದನ್ನು ವಾಪಸು ಪಡೆಯುತ್ತಿದೆ ಎಂದು ವೈದ್ಯರೂ ತಂದೆತಾಯಿಯೂ ಮಗುವಿಗೆ ಬಿಡಿಸಿ ಹೇಳಬೇಕು. ಮನೆಗೆ ಬರುವ ನೆಂಟರಿಗೂ ಒಂದು ಮಾತು ಮೊದಲೇ ಹೇಳಿಟ್ಟರೆ ಒಳ್ಳೆಯದು: ಮಗುವಿನ ಆರೋಗ್ಯ ವಿಚಾರಿಸಿ, ಮೈಕಟ್ಟಿನ ಮಾತು ಬೇಡ.

ಎಷ್ಟು ಜನರಿಗೆ ಹೀಗಾಗುತ್ತದೆ ಎಂಬ ಪ್ರಶ್ನೆಗೆ ಕೆನಡಾ ಮತ್ತು ನಾರ್ವೆಯ ಅಧ್ಯಯನಗಳಲ್ಲಿ ಉತ್ತರವಿದೆ. 2000ದಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಕೆನಡಾದ ಅಧ್ಯಯನವೊಂದು 12ರಿಂದ 19 ವರ್ಷದ, ಟೈಪ್ 1 ಇರುವ 356 ಹುಡುಗಿಯರನ್ನು ಕಾಯಿಲೆ ಇಲ್ಲದ ಓರಗೆಯವರೊಂದಿಗೆ ಹೋಲಿಸಿತು. ಕಾಯಿಲೆ ಇಲ್ಲದವರಲ್ಲಿ ಈಟಿಂಗ್ ಡಿಸಾರ್ಡರ್ ಶೇ. 4ರಷ್ಟಿದ್ದರೆ ಇವರಲ್ಲಿ ಶೇ. 10ರಷ್ಟಿತ್ತು. 2013ರಲ್ಲಿ ಪ್ರಕಟವಾದ ನಾರ್ವೆಯ ಅಧ್ಯಯನದಲ್ಲಿ 11ರಿಂದ 19 ವರ್ಷದ 770 ಮಕ್ಕಳನ್ನು ಪ್ರಶ್ನಾವಳಿಯ ಮೂಲಕ ಪರೀಕ್ಷಿಸಿದಾಗ, ಹುಡುಗಿಯರಲ್ಲಿ ಶೇ. 27.7 ಮತ್ತು ಹುಡುಗರಲ್ಲಿ ಶೇ. 8.6 ಮಂದಿಯ ಊಟದ ರೀತಿ ಹದಗೆಟ್ಟಿರುವುದು ಕಂಡಿತು. ವಯಸ್ಸಿನೊಂದಿಗೆ ಇದು ಹೇಗೆ ಏರುತ್ತದೆ ಎಂಬುದೇ ಇಲ್ಲಿ ಮುಖ್ಯ. 11ರಿಂದ 13ರ ಹುಡುಗಿಯರಲ್ಲಿ ಶೇ. 8ರಷ್ಟಿದ್ದದ್ದು 17ರಿಂದ 19ರ ವಯಸ್ಸಿಗೆ ಶೇ. 38ಕ್ಕೆ ಮುಟ್ಟಿತ್ತು. ತಡೆಯಲು ಸಿಗುವ ಕಾಲ ಯಾವುದು ಎಂಬುದು ಇದರಿಂದಲೇ ತಿಳಿಯುತ್ತದೆ: ಹೈಸ್ಕೂಲು ಸೇರುವುದಕ್ಕೂ ಮುಂಚಿನ ವರ್ಷಗಳು.

ಕಳವಳ ಪಡುವುದಕ್ಕೆ ಕಾರಣವಿದೆ. ಟೊರಾಂಟೊದಲ್ಲಿ 91 ಯುವತಿಯರನ್ನು ನಾಲ್ಕೈದು ವರ್ಷ ಹಿಂಬಾಲಿಸಿ 1997ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಊಟದ ರೀತಿ ತೀವ್ರವಾಗಿ ಕೆಟ್ಟಿದ್ದವರಲ್ಲಿ ಶೇ. 86 ಮಂದಿಗೆ ಕಣ್ಣಿನ ರೆಟಿನಾಕ್ಕೆ ಹಾನಿ ತಟ್ಟಿತ್ತು. ಸರಿಯಾಗಿ ಉಣ್ಣುತ್ತಿದ್ದವರಲ್ಲಿ ಆ ಪ್ರಮಾಣ ಶೇ. 24. ಬಾಸ್ಟನ್ನಿನ ಜೋಸ್ಲಿನ್ ಡಯಾಬಿಟಿಸ್ ಸೆಂಟರಿನವರು 234 ಮಹಿಳೆಯರನ್ನು ಹನ್ನೊಂದು ವರ್ಷ ಗಮನಿಸಿ 2008ರಲ್ಲಿ ಹೇಳಿದ್ದು ಇನ್ನೂ ಗಂಭೀರ. ಇನ್ಸುಲಿನ್ ಕಡಿಮೆ ಮಾಡಿಕೊಳ್ಳುತ್ತಿದ್ದವರಿಗೆ ಸಾವಿನ ಅಪಾಯ ಮೂರು ಪಟ್ಟು ಹೆಚ್ಚಿತ್ತು, ಅವರಲ್ಲಿ ತೀರಿಕೊಂಡವರು, ಇನ್ಸುಲಿನ್ ಕಡಿಮೆ ಮಾಡದಿದ್ದವರ ಪೈಕಿ ತೀರಿಕೊಂಡವರಿಗಿಂತ ಸರಾಸರಿ ಹದಿಮೂರು ವರ್ಷ ಚಿಕ್ಕ ವಯಸ್ಸಿಗೇ ಸತ್ತಿದ್ದರು. ಈ ಅಂಕಿಗಳನ್ನು ಇಲ್ಲಿ ಬರೆಯುತ್ತಿರುವುದು ದೊಡ್ಡವರು ಓದಲೆಂದು. ಹದಿನೈದು ವರ್ಷದ ಹುಡುಗಿಗೆ “ನಿನಗೆ ಕಣ್ಣು ಹೋಗುತ್ತೆ, ಕಿಡ್ನಿ ಹೋಗುತ್ತೆ” ಎಂದು ಹೆದರಿಸಿದರೆ ಅವಳು ಇನ್ಸುಲಿನ್ ಹೆಚ್ಚು ತೆಗೆದುಕೊಳ್ಳುವುದಿಲ್ಲ, ಶುಗರ್ ನೋಡಿಕೊಳ್ಳುವುದನ್ನೇ ಬಿಡುತ್ತಾಳೆ.

ಟೈಪ್ 1 ಇರುವ ಮಕ್ಕಳೇ ಇದರಲ್ಲಿ ಹೆಚ್ಚಾಗಿ ಯಾಕೆ ಸಿಕ್ಕಿಬೀಳುತ್ತಾರೆ? ಚಿಕಿತ್ಸೆಯ ದಿನಚರಿಯೇ ಊಟದ ಮೇಲೆ ಕಣ್ಣಿಡುವುದನ್ನು ಕಲಿಸುತ್ತದೆ. ಬೇರೆ ಮಕ್ಕಳು ತಟ್ಟೆಗೆ ಬಂದದ್ದನ್ನು ತಿಂದು ಏಳುತ್ತಾರೆ, ಈ ಮಗು ಪ್ರತಿ ತುತ್ತಿನಲ್ಲಿ ಎಷ್ಟು ಗ್ರಾಂ ಕಾರ್ಬೋಹೈಡ್ರೇಟ್ ಇದೆ ಎಂದು ಲೆಕ್ಕ ಹಾಕಬೇಕು, ಪೊಟ್ಟಣದ ಹಿಂಬದಿ ಓದಬೇಕು. ಹೊಟ್ಟೆ ತುಂಬಿತು ಎಂದು ಮಿದುಳಿಗೆ ತಿಳಿಸಲು ನೆರವಾಗುವ ಅಮಿಲಿನ್ ಎಂಬ ಹಾರ್ಮೋನನ್ನೂ ಇನ್ಸುಲಿನ್ ಉತ್ಪಾದಿಸುವ ಜೀವಕೋಶಗಳೇ ತಯಾರಿಸುತ್ತವೆ. ಆ ಕೋಶಗಳು ಹೋದಾಗ ಎರಡೂ ಹೋಗುತ್ತವೆ. ಇದರ ಜೊತೆ ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ ಪರೀಕ್ಷೆ. ಹಿಂದಿನ ಎರಡು-ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ಅದು ತೋರಿಸುತ್ತದೆ. ಆ ಸಂಖ್ಯೆ ಹೆಚ್ಚಾದಾಗ ಅಪ್ಪ ಮಾತು ಬಿಟ್ಟು, ಅಮ್ಮ ಕಣ್ಣೀರು ಹಾಕಿದರೆ ಮಗು ಅದನ್ನು ಮಾರ್ಕ್ಸ್ ಕಾರ್ಡಿನಂತೆಯೇ ಎಣಿಸುತ್ತದೆ. ಮಾರ್ಕ್ಸ್ ಕಡಿಮೆ ಬಂದಾಗ ಮಕ್ಕಳು ಏನು ಮಾಡುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿದೆ. ಮುಚ್ಚಿಡುತ್ತಾರೆ. ಗ್ಲೂಕೋಮೀಟರ್ ಪುಸ್ತಕದಲ್ಲಿ ಅಂದವಾದ ಸುಳ್ಳು ಅಂಕಿಗಳು ಹುಟ್ಟುವುದು ಹೀಗೆ.

ಲೋ ಶುಗರ್ ಇನ್ನೊಂದು ಬಲೆ. ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದಾಗ ಕೈ ನಡುಗಿ, ಬೆವರಿ, ಕಂಡದ್ದನ್ನೆಲ್ಲ ತಿನ್ನುವಂಥ ಹಸಿವಾಗುತ್ತದೆ. ಅದು ಜೀವ ಉಳಿಸಲು ದೇಹ ಎಬ್ಬಿಸುವ ಹಸಿವು, ಆಸೆಬುರುಕತನವಲ್ಲ. ಆ ಹೊತ್ತಿಗೆ ಅರ್ಧ ಡಬ್ಬಿ ಬಿಸ್ಕತ್ತು ಖಾಲಿಯಾಗಿ, ಶುಗರ್ 300ಕ್ಕೆ ಏರಿ, “ಇಷ್ಟೊಂದು ತಿಂದ್ಯಾ?” ಎಂಬ ಪ್ರಶ್ನೆ ಬಿದ್ದಾಗ ಮಗುವಿಗೆ ತನ್ನ ಮೇಲೆಯೇ ಅಸಹ್ಯ. ಮರುದಿನ ಊಟ ಬಿಡುತ್ತದೆ, ಮತ್ತೆ ಲೋ ಆಗುತ್ತದೆ, ಮತ್ತೆ ತಿನ್ನುತ್ತದೆ. ಇದನ್ನು ತಪ್ಪಿಸಲು ಮೊದಲೇ ಅಳೆದಿಟ್ಟ ವ್ಯವಸ್ಥೆ ಬೇಕು. ಹರೆಯದವರಿಗೆ 15 ಗ್ರಾಂ ಬೇಗ ಕರಗುವ ಸಕ್ಕರೆ ಸಾಕು: ಗ್ಲೂಕೋಸ್ ಪುಡಿಯೋ ಮೂರು ಚಮಚ ಸಕ್ಕರೆಯೋ ನೀರಿನಲ್ಲಿ. ಹದಿನೈದು ನಿಮಿಷ ಕಾದು ಮತ್ತೆ ಪರೀಕ್ಷೆ, ಇನ್ನೂ ಏರದಿದ್ದರೆ ಇನ್ನೊಮ್ಮೆ ಅಷ್ಟೇ. ಚಿಕ್ಕ ಮಕ್ಕಳಿಗೆ ಪ್ರಮಾಣ ಕಡಿಮೆ, ಅದನ್ನು ವೈದ್ಯರಿಂದ ಬರೆಸಿಕೊಳ್ಳಬೇಕು. ಚಾಕೊಲೇಟು, ಲಾಡು ಇದಕ್ಕೆ ಆಗದು, ಅವುಗಳಲ್ಲಿನ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನು ನಿಧಾನ ಮಾಡುತ್ತದೆ. ಇನ್ನೂ ಒಂದು ಕಾರಣವಿದೆ. ಉಳಿದ ದಿನವೆಲ್ಲ ಸಿಹಿ ನಿಷೇಧಿಸಿ, ಲೋ ಆದಾಗ ಮಾತ್ರ ಕೊಟ್ಟರೆ ಮಗು ಲೋ ಆಗುವುದನ್ನೇ ಎದುರು ನೋಡತೊಡಗುತ್ತದೆ.

ಸಿಹಿಯೇ ಬೇಡ ಎಂಬ ನಿಯಮ ನಮ್ಮ ಮನೆಗಳಿಗೆ ಬಂದದ್ದು ಅಜ್ಜ-ಅಜ್ಜಿಯರ ಟೈಪ್ 2 ಸಕ್ಕರೆ ಕಾಯಿಲೆಯಿಂದ. ಅದನ್ನು ಹಾಗೆಯೇ ಎಂಟು ವರ್ಷದ ಮಗುವಿಗೆ ಹೊರಿಸುತ್ತೇವೆ. “ಅನ್ನ ಬಿಡು, ಮುದ್ದೆ ತಿನ್ನು, ಹಣ್ಣು ಮುಟ್ಟಬೇಡ.” ರಾಗಿ ಒಳ್ಳೆಯ ಧಾನ್ಯ, ನಾರಿನಂಶವೂ ಸುಣ್ಣದಂಶವೂ ಇದೆ. ಆದರೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಪಟ್ಟಿ ತೆರೆದರೆ 100 ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ, ಅಷ್ಟೇ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಕಾರ್ಬೋಹೈಡ್ರೇಟ್ ಇದೆ. ಎರಡಕ್ಕೂ ಇನ್ಸುಲಿನ್ ಬೇಕೇ ಬೇಕು. ಮುದ್ದೆಗೆ ಇನ್ಸುಲಿನ್ ಬೇಡವೆಂದು ನಂಬಿದ ಮನೆಯಲ್ಲಿ ಶುಗರ್ ಏರುತ್ತದೆ, ಬೈಗುಳ ಮಾತ್ರ, ಕದ್ದು ತಿಂದಿರಬೇಕೆಂದು, ಮಗುವಿನ ಮೇಲೆ ಬೀಳುತ್ತದೆ.

ಟೈಪ್ 1 ಮಗುವಿಗೆ ಊಟದಲ್ಲಿ ಒಳ್ಳೆಯದು-ಕೆಟ್ಟದು ಎಂಬ ಎರಡು ಪಂಕ್ತಿ ಬೇಡ. ಮನೆಯವರೆಲ್ಲ ತಿನ್ನುವ ಸಮತೋಲದ ಊಟ, ಅದಕ್ಕೆ ತಕ್ಕ ಇನ್ಸುಲಿನ್. ಯುಗಾದಿಯ ಹೋಳಿಗೆಯೂ ಇದರಲ್ಲಿ ಸೇರಿದೆ: ಒಂದು ಹೋಳಿಗೆ, ಅದಕ್ಕೆಷ್ಟು ಯೂನಿಟ್ ಎಂಬ ಲೆಕ್ಕ, ಎಲ್ಲರ ಜೊತೆ ಎಲೆಯ ಮುಂದೆ. ಮಗುವಿಗೆ ಮಾತ್ರ ಬೇರೆ ಅಡುಗೆ ಮಾಡಿ ಒಳಗೆ ಕೂರಿಸುವುದು ಎಂಥ ಪ್ರೀತಿಯಿಂದ ಮಾಡಿದರೂ ಶಿಕ್ಷೆಯಂತೆಯೇ ಇರುತ್ತದೆ. ಒಂದು ತೊಡಕನ್ನು ಮಾತ್ರ ಮುಚ್ಚಿಡಬಾರದು. ಬೆಳಿಗ್ಗೆ-ರಾತ್ರಿ ಎರಡೇ ಸಲ ಮಿಶ್ರ ಇನ್ಸುಲಿನ್ ತೆಗೆದುಕೊಳ್ಳುವ ಮಕ್ಕಳಿಗೆ ಈ ಸಡಿಲಿಕೆ ಸಿಗುವುದಿಲ್ಲ. ಅವರು ಇನ್ಸುಲಿನ್ನಿನ ಗಡಿಯಾರಕ್ಕೆ ಉಣ್ಣಬೇಕು, ಹಸಿವಿನ ಮಾತು ಕೇಳುವಂತಿಲ್ಲ. ದಿನಕ್ಕೊಂದು ದೀರ್ಘಕಾಲದ ಇನ್ಸುಲಿನ್, ಪ್ರತಿ ಊಟಕ್ಕೊಂದು ಬೇಗ ಕೆಲಸ ಮಾಡುವ ಇನ್ಸುಲಿನ್ ಎಂಬ ಕ್ರಮಕ್ಕೆ ಬದಲಾಯಿಸಲು ಆಗುತ್ತದೆಯೇ ಎಂದು ವೈದ್ಯರನ್ನು ಕೇಳುವುದು ತಂದೆತಾಯಿಯ ಹಕ್ಕು. ಟೈಪ್ 1 ಇರುವವರಲ್ಲಿ ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆಯೂ ಸಾಮಾನ್ಯಕ್ಕಿಂತ ಹೆಚ್ಚು. ಚಪಾತಿ, ಬ್ರೆಡ್ಡು, ಬಿಸ್ಕತ್ತು ಎಲ್ಲವೂ ನಿಷಿದ್ಧವಾದ ಅಂಥ ಮಗುವಿನ ಮೇಲೆ ಇನ್ನಷ್ಟು ಗಮನ ಬೇಕು.

ಮನೆಯ ಮಾತುಕತೆ ಬದಲಾಯಿಸುವುದು ಹಣ ಬೇಡದ ಚಿಕಿತ್ಸೆ. ಶಾಲೆಯಿಂದ ಬಂದ ಮಗಳನ್ನು ಬಾಗಿಲಲ್ಲೇ “ಶುಗರ್ ಎಷ್ಟಿತ್ತು?” ಎಂದು ಕೇಳುವ ಬದಲು ದಿನ ಹೇಗಿತ್ತು ಎಂದು ಕೇಳಿ, ಶುಗರ್ ಮಾತನ್ನು ಊಟದ ಹೊತ್ತಿಗೆ ಇಟ್ಟುಕೊಳ್ಳಬಹುದು. 280 ಬಂದಿದ್ದರೆ “ಏನು ತಿಂದೆ?” ಎಂದು ತನಿಖೆಗಿಳಿಯುವುದು ಬೇಡ. “ಹೆಚ್ಚಿದೆ ಕಣಮ್ಮ, ಈಗ ಎಷ್ಟು ಯೂನಿಟ್ ತಗೊಂಡ್ರೆ ಸರಿಹೋಗುತ್ತೆ ನೋಡೋಣ್ವಾ?” ಎಂದರೆ ಮುಂದಿನ ಹೆಜ್ಜೆ ಕಾಣುತ್ತದೆ. ಶುಗರ್ ಕೆಟ್ಟದು, ಒಳ್ಳೆಯದು ಎನ್ನುವುದಕ್ಕಿಂತ ಹೆಚ್ಚು, ಕಡಿಮೆ ಎಂದರೆ ಸಾಕು. ಅಮ್ಮ ಕನ್ನಡಿಯ ಮುಂದೆ ತನ್ನ ಹೊಟ್ಟೆಯನ್ನು ಬೈದುಕೊಳ್ಳುವುದನ್ನು, ಅಪ್ಪ ವಾರಕ್ಕೊಂದು ಹೊಸ ಡಯೆಟ್ ಹಿಡಿಯುವುದನ್ನು ಮಕ್ಕಳು ನೋಡುತ್ತಿರುತ್ತಾರೆ. ವಾರದಲ್ಲಿ ಆದಷ್ಟು ದಿನ ರಾತ್ರಿಯೂಟ ಎಲ್ಲರೂ ಒಟ್ಟಿಗೆ, ಮೊಬೈಲು-ಟಿವಿ ಇಲ್ಲದೆ ಮಾಡುವ ಮನೆಗಳಲ್ಲಿ ಈ ತೊಂದರೆ ಕಡಿಮೆ ಎಂಬುದಕ್ಕೆ ಅಧ್ಯಯನಗಳ ಬೆಂಬಲವಿದೆ. ಜೊತೆಯಲ್ಲಿ ಉಣ್ಣುವಾಗ ಮಗು ಎದುರಿಗೇ ಇನ್ಸುಲಿನ್ ತೆಗೆದುಕೊಳ್ಳುತ್ತದೆ, ಯಾರೂ ಕಾವಲು ಕಾಯಬೇಕಿಲ್ಲ.

ಹನ್ನೆರಡು-ಹದಿಮೂರಕ್ಕೆ ಸ್ವಂತವಾಗಿ ಚುಚ್ಚಿಕೊಳ್ಳಲು ಕಲಿತ ಕೂಡಲೇ “ಅವಳೇ ಎಲ್ಲ ನೋಡ್ಕೋತಾಳೆ” ಎಂದು ಹೆಮ್ಮೆಯಿಂದ ಕೈಬಿಡುವುದು ನಮ್ಮಲ್ಲಿ ಹೆಚ್ಚು. ಚುಚ್ಚುವ ಕೈಚಳಕ ಬೇರೆ, ದಿನವೂ ಅದನ್ನು ನಿಭಾಯಿಸುವ ಭಾರ ಬೇರೆ. ಹರೆಯ ಮುಗಿಯುವವರೆಗೂ ಆ ಭಾರವನ್ನು ಹಂಚಿಕೊಳ್ಳುವ ಮನೆಗಳಲ್ಲಿ ಶುಗರ್ ಹತೋಟಿಯೂ ಉತ್ತಮ. ಇನ್ಸುಲಿನ್ ತರುವುದು, ಕಾರ್ಟ್ರಿಡ್ಜ್ ಬದಲಿಸಿದ ತಾರೀಕು ಬರೆದಿಡುವುದು, ವಾರಕ್ಕೊಮ್ಮೆ ಕೂತು ಅಂಕಿಗಳನ್ನು ನೋಡುವುದು ದೊಡ್ಡವರ ಕೆಲಸವಾಗಿಯೇ ಉಳಿಯಲಿ. ಪಿಯುಸಿಗೆ ಹಾಸ್ಟೆಲ್ ಸೇರುವಾಗ ಹೆಚ್ಚು ಎಚ್ಚರ ಬೇಕು. ಮನೆಯ ಊಟ ಇಲ್ಲ, ಮೆಸ್ಸಿನ ಸಮಯ ತನ್ನ ಇನ್ಸುಲಿನ್ನಿಗೆ ಹೊಂದುವುದಿಲ್ಲ, ಕೋಣೆಯಲ್ಲಿ ಎಲ್ಲರೂ ಡಯೆಟ್ ಮಾತಾಡುತ್ತಾರೆ. ವಾರ್ಡನ್‌ಗೂ ಒಬ್ಬ ನಂಬಿಕೆಯ ಗೆಳತಿಗೂ ವಿಷಯ ತಿಳಿದಿರಬೇಕು. ಗಂಡುಮಕ್ಕಳ ಮನೆಯವರೂ ನಿಶ್ಚಿಂತೆಯಿಂದಿರುವಂತಿಲ್ಲ, ಜಿಮ್ಮಿನ ಮೈಕಟ್ಟಿನ ಹುಚ್ಚು ಇದೇ ದಾರಿಗೆ ಎಳೆಯಬಲ್ಲದು.

ಶಾಲೆಯಲ್ಲಿ ಕದ್ದುಮುಚ್ಚಿ ಇನ್ಸುಲಿನ್ ತೆಗೆದುಕೊಳ್ಳುವ ಮಗುವಿಗೆ ಅದನ್ನು ಬಿಟ್ಟುಬಿಡುವುದೂ ಸುಲಭ. ಹಾಗಾಗಿ ನಿಯಮಗಳು ಏನು ಹೇಳುತ್ತವೆ ಎಂಬುದು ತಂದೆತಾಯಿಗೆ ಗೊತ್ತಿರಲಿ. ಟೈಪ್ 1 ಇರುವ ವಿದ್ಯಾರ್ಥಿಗಳು ಬೋರ್ಡ್ ಪರೀಕ್ಷೆಯ ಕೋಣೆಗೆ ಸಕ್ಕರೆ ಮಾತ್ರೆ, ಹಣ್ಣು, ನೀರು ಒಯ್ಯಬಹುದು ಎಂದು ಸಿಬಿಎಸ್‌ಇ 2017ರಲ್ಲೇ ಅನುಮತಿಸಿದೆ. ತರಗತಿಯಲ್ಲಿ ಶುಗರ್ ನೋಡಿಕೊಳ್ಳಲು, ಇನ್ಸುಲಿನ್ ತೆಗೆದುಕೊಳ್ಳಲು, ನಡುವೆ ತಿನ್ನಲು ಅವಕಾಶ ಕೊಡಬೇಕೆಂದು ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ 2023ರಲ್ಲಿ ರಾಜ್ಯಗಳಿಗೆ ಬರೆದಿದೆ. ವರ್ಷದ ಮೊದಲ ವಾರದಲ್ಲೇ ತರಗತಿಯ ಶಿಕ್ಷಕರನ್ನೂ ಪಿ.ಟಿ. ಮೇಷ್ಟ್ರನ್ನೂ ಕಂಡು ಮಾತಾಡಿ ಬರುವುದು ಉತ್ತಮ. ಎಲ್ಲರ ಮುಂದೆ ತೂಕ ನೋಡಿ ಕೂಗಿ ಹೇಳುವ ಪದ್ಧತಿ ಶಾಲೆಯಲ್ಲಿದ್ದರೆ ಅದು ಬೇಡವೆಂದೂ ಕೇಳಿಕೊಳ್ಳಬೇಕು.

ಮುಚ್ಚಿಡುವ ಚಾಳಿ ಮಗುವಿನದಷ್ಟೇ ಅಲ್ಲ. ಮುಂದೆ ಮದುವೆಗೆ ತೊಡಕಾದೀತೆಂದು ಹೆಣ್ಣುಮಗಳ ಕಾಯಿಲೆಯನ್ನು ನೆಂಟರಿಗೂ ತಿಳಿಯದಂತೆ ಕಾಯುವ ಮನೆಗಳು ಕರ್ನಾಟಕದಲ್ಲಿ ಎಷ್ಟೋ ಇವೆ. ತವರಿನಲ್ಲೇ ಬಾತ್‌ರೂಮಿಗೆ ಹೋಗಿ ಚುಚ್ಚಿಕೊಳ್ಳಲು ಕಲಿತವಳಿಗೆ ಇದು ನಾಚಿಕೆಪಡಬೇಕಾದ ಕಾಯಿಲೆ ಎಂಬ ಪಾಠ ಆಗಲೇ ಆಗಿರುತ್ತದೆ. 2021ರ ಅಂತರರಾಷ್ಟ್ರೀಯ ಡಯಾಬಿಟಿಸ್ ಒಕ್ಕೂಟದ ಅಂದಾಜಿನಂತೆ ಭಾರತದಲ್ಲಿ ಇಪ್ಪತ್ತು ವರ್ಷದೊಳಗಿನ ಟೈಪ್ 1 ಮಕ್ಕಳು 2,29,000ಕ್ಕೂ ಹೆಚ್ಚು, ಜಗತ್ತಿನಲ್ಲೇ ಅತಿ ಹೆಚ್ಚು. ಇಷ್ಟು ಮಕ್ಕಳ ಕಾಯಿಲೆ ಗುಟ್ಟಾಗಿ ಉಳಿಯಬೇಕಾದ್ದಲ್ಲ. ಅದೇ ಕಾಯಿಲೆಯ ಬೇರೆ ಮಕ್ಕಳೊಂದಿಗೆ ಒಂದು ದಿನ ಕಳೆದರೆ, ಎಲ್ಲರೂ ಪೆನ್ನು ತೆಗೆದು ಸಹಜವಾಗಿ ಚುಚ್ಚಿಕೊಂಡು ಊಟಕ್ಕೆ ಕೂರುವುದನ್ನು ನೋಡಿದರೆ ಆಗುವ ಧೈರ್ಯ ಯಾವ ಉಪದೇಶದಿಂದಲೂ ಆಗದು. ಡಯಾಬಿಟಿಸ್ ಚಿಕಿತ್ಸಾ ಕೇಂದ್ರಗಳು ನಡೆಸುವ ಶಿಬಿರಗಳಿಗೆ ಕಳಿಸಲು ಹಿಂಜರಿಯಬಾರದು.

ಇಷ್ಟಾದರೂ ಕೆಲವರಲ್ಲಿ ತೊಂದರೆ ತಲೆಯೆತ್ತುತ್ತದೆ. ಬೇಗ ಗುರುತಿಸಿದಷ್ಟೂ ಬಿಡಿಸುವುದು ಸುಲಭ. ಕಾರಣ ತಿಳಿಯದೆ ಎಚ್‌ಬಿಎ1ಸಿ ಏರುತ್ತ ಹೋಗುವುದು, ಪುಸ್ತಕದ ಅಂಕಿಗಳಿಗೂ ಲ್ಯಾಬ್ ವರದಿಗೂ ತಾಳೆಯಾಗದಿರುವುದು, ಕೊಬ್ಬು ಕರಗುವಾಗ ಹುಟ್ಟುವ ಕೀಟೋನ್ ರಕ್ತದಲ್ಲಿ ಏರಿ ಮತ್ತೆ ಮತ್ತೆ ಆಸ್ಪತ್ರೆ ಸೇರುವುದು ಮೊದಲ ಸೂಚನೆಗಳು. ಬಾಯಾರಿಕೆ, ಪದೇಪದೇ ಮೂತ್ರ, ಸದಾ ಸುಸ್ತು, ಮುಟ್ಟು ಏರುಪೇರು, ಇನ್ಸುಲಿನ್ ತೆಗೆದುಕೊಳ್ಳುವಾಗ ಬಾಗಿಲು ಹಾಕಿಕೊಳ್ಳುವುದು, ಆಸ್ಪತ್ರೆಯ ಭೇಟಿಗೆ ನೆಪ ಹೇಳುವುದು, ದೊಗಲೆ ಬಟ್ಟೆ, ಕನ್ನಡಿಯ ಮುಂದೆ ಹೆಚ್ಚು ಹೊತ್ತು, ಎಲ್ಲರ ಜೊತೆ ಊಟಕ್ಕೆ ಕೂರಲು ಒಲ್ಲೆನೆನ್ನುವುದು. ಇವುಗಳಲ್ಲಿ ಎರಡು-ಮೂರು ಒಟ್ಟಿಗೆ ಕಂಡರೆ ಕೇಳಬೇಕು. ಹಾಗೆಂದು ಶುಗರ್ ಹೆಚ್ಚಿದ ಪ್ರತಿ ಮಗುವನ್ನೂ ಶಂಕಿಸುವುದು ಅನ್ಯಾಯ. ಹರೆಯದ ಹಾರ್ಮೋನುಗಳೇ ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡ ಬರುತ್ತವೆ. ಬೇಸಿಗೆಯ ಸೆಕೆಯಲ್ಲಿ ಕೆಟ್ಟ ಇನ್ಸುಲಿನ್, ಒಂದೇ ಜಾಗಕ್ಕೆ ಚುಚ್ಚಿ ಚುಚ್ಚಿ ಗಟ್ಟಿಯಾದ ಚರ್ಮ ಕೂಡ ಶುಗರ್ ಏರಿಸುತ್ತವೆ. ಇವನ್ನು ಮೊದಲು ನೋಡಿ, ಆಮೇಲೆ ಮುಂದಿನ ಮಾತು.

ಮಾತು ಶುರುಮಾಡುವಾಗ ಕಪಾಟಿನಲ್ಲಿ ಸಿಕ್ಕ ತುಂಬಿದ ಕಾರ್ಟ್ರಿಡ್ಜುಗಳನ್ನು ಸಾಕ್ಷಿಯಂತೆ ಮುಂದಿಡುವುದು ಬೇಡ. “ಇನ್ಸುಲಿನ್ ತಗೊಳ್ಳೋದು ಕಷ್ಟ ಆಗ್ತಿದೆಯಾ ಕಂದ? ತುಂಬ ಜನಕ್ಕೆ ಹಾಗೆ ಆಗುತ್ತಂತೆ. ನಾನು ಬೈಯಲ್ಲ” ಎಂದು ಕೇಳಿ ಸುಮ್ಮನೆ ಕಾಯಬೇಕು. ಮೊದಲ ಸಲವೇ ಉತ್ತರ ಬರಲಿಕ್ಕಿಲ್ಲ. ಮಗು ಒಪ್ಪಿಕೊಂಡರೆ ಅಂದೇ ಪೂರ್ತಿ ಡೋಸ್ ಕೊಟ್ಟು ಎಲ್ಲ ಸರಿಮಾಡಲು ಹೊರಡಬಾರದು, ಮೊದಲು ವೈದ್ಯರ ಜೊತೆ ಮಾತಾಡಬೇಕು. ದೀರ್ಘಕಾಲ ಬಿಟ್ಟಿದ್ದ ಇನ್ಸುಲಿನ್ ಮತ್ತೆ ಶುರುವಾದಾಗ ಕೈಕಾಲು ಊದುವುದುಂಟು. ಅದು ನೀರು, ಕೆಲವು ವಾರಗಳಲ್ಲಿ ಇಳಿಯುತ್ತದೆ, ಆದರೆ ಮೊದಲೇ ಹೇಳದಿದ್ದರೆ ಹುಡುಗಿ ಹೆದರಿ ಮತ್ತೆ ಬಿಡುತ್ತಾಳೆ. ಬಹಳ ಎತ್ತರದಲ್ಲಿದ್ದ ಸಕ್ಕರೆಯನ್ನು ಏಕಾಏಕಿ ಇಳಿಸಿದರೆ ಕಣ್ಣಿನ ಹಾನಿ ತಾತ್ಕಾಲಿಕವಾಗಿ ಹೆಚ್ಚಬಹುದು, ನರಗಳಲ್ಲಿ ತೀವ್ರ ನೋವು ಬರಬಹುದು. ಆದ್ದರಿಂದ ತಜ್ಞರು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತಾರೆ. ವಾಂತಿ, ಹೊಟ್ಟೆನೋವು, ಏದುಸಿರು, ಉಸಿರಿನಲ್ಲಿ ಹಣ್ಣಿನ ವಾಸನೆ, ಮಂಪರು ಕಂಡರೆ ಮಾತ್ರ ಯಾವ ಚರ್ಚೆಯೂ ಬೇಡ. ಅದು ಕೀಟೋಅಸಿಡೋಸಿಸ್ ಆಗಿರಬಹುದು, ತಕ್ಷಣ ಆಸ್ಪತ್ರೆಗೆ ಒಯ್ಯಬೇಕು.

ಚಿಕಿತ್ಸೆಗೆ ಇಬ್ಬರು ಬೇಕು, ಇನ್ಸುಲಿನ್ ತಿಳಿದವರು ಒಬ್ಬರು, ಮನಸ್ಸು ತಿಳಿದವರು ಇನ್ನೊಬ್ಬರು, ಮತ್ತು ಅವರಿಬ್ಬರೂ ಪರಸ್ಪರ ಮಾತಾಡಬೇಕು. ಬ್ರಿಟನ್ನಿನಲ್ಲೂ ಈ ಎರಡು ವಿಭಾಗಗಳ ನಡುವೆ ರೋಗಿಗಳು ಕಳೆದುಹೋಗುತ್ತಿದ್ದರು. ಸ್ವತಃ ಟೈಪ್ 1 ಇರುವ ಮಾಜಿ ಪ್ರಧಾನಿ ಥೆರೇಸಾ ಮೇ ಮತ್ತು ಆಗ ಸಂಸದರಾಗಿದ್ದ ಜಾರ್ಜ್ ಹೋವರ್ಥ್ ನೇತೃತ್ವದ ಸಂಸದೀಯ ವಿಚಾರಣೆ 2024ರ ಜನವರಿಯಲ್ಲಿ ವರದಿ ಕೊಟ್ಟು, ಎರಡೂ ವಿಭಾಗ ಕೂಡಿ ಕೆಲಸ ಮಾಡಬೇಕೆಂದು ಒತ್ತಾಯಿಸಿತು. ನಾರ್ವೆಯ ಓಸ್ಲೊದಲ್ಲಿ ಸಂಶೋಧಕಿ ಲೀನೆ ವಿಸ್ಟಿಂಗ್ ಮತ್ತವರ ಜೊತೆಗಾರರು ಕಾಯಿಲೆಗೂ ಮೊದಲೇ ತಡೆಯುವ ಪ್ರಯತ್ನ ಮಾಡುತ್ತಿದ್ದಾರೆ. ಟೈಪ್ 1 ಇರುವ ಯುವತಿಯರು ಸಣ್ಣ ಗುಂಪಿನಲ್ಲಿ ಕೂತು, ತೆಳ್ಳಗಿದ್ದರೇ ಚೆಂದ ಎಂಬ ಒತ್ತಡವನ್ನು ತಾವೇ ಪ್ರಶ್ನಿಸಿ ವಾದಿಸುತ್ತಾರೆ. ಯಾರೂ ಭಾಷಣ ಮಾಡುವುದಿಲ್ಲ. ನಮ್ಮ ಕಾಲೇಜುಗಳಲ್ಲೂ ಇಂಥದ್ದು ನಡೆಯಬೇಕು.

ಕರ್ನಾಟಕದಲ್ಲಿ ಈ ಎರಡು ಬಗೆಯ ತಜ್ಞರು ಸರ್ಕಾರಿ ವಲಯದಲ್ಲೇ ಸಿಗುತ್ತಾರೆ. ಬೆಂಗಳೂರಿನ ಕರ್ನಾಟಕ ಎಂಡೋಕ್ರಿನಾಲಜಿ ಮತ್ತು ಸಂಶೋಧನಾ ಸಂಸ್ಥೆ ಹಾಗೂ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಲ್ಲಿ ಇನ್ಸುಲಿನ್ ಚಿಕಿತ್ಸೆಯ ಪರಿಣತರಿದ್ದಾರೆ, ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹರೆಯದವರ ಮನೋವೈದ್ಯರಿದ್ದಾರೆ. ದೂರದ ಜಿಲ್ಲೆಗಳವರು ಜಿಲ್ಲಾಸ್ಪತ್ರೆಯ ಮಕ್ಕಳ ವೈದ್ಯರಿಂದ ಶುರುಮಾಡಬಹುದು.

ಅಮೆರಿಕನ್ ಡಯಾಬಿಟಿಸ್ ಸಂಘದ ಮಾರ್ಗಸೂಚಿಯಂತೆ ಟೈಪ್ 1 ಇರುವ ಮಕ್ಕಳ ಊಟದ ರೀತಿಯನ್ನು 10ರಿಂದ 12ನೇ ವಯಸ್ಸಿನಿಂದಲೇ ಪರೀಕ್ಷಿಸತೊಡಗಬೇಕು. ಅದಕ್ಕೆಂದೇ ರೂಪಿಸಿದ ಹದಿನಾರು ಪ್ರಶ್ನೆಗಳ ಡೆಪ್ಸ್-ಆರ್ ಎಂಬ ಪಟ್ಟಿಯಿದೆ. ಮಗು ತಾನೇ ಕೆಲವೇ ನಿಮಿಷಗಳಲ್ಲಿ ತುಂಬುತ್ತದೆ, 20 ಅಥವಾ ಹೆಚ್ಚು ಅಂಕ ಬಂದರೆ ವೈದ್ಯರು ಮುಂದಿನ ವಿಚಾರಣೆ ಮಾಡುತ್ತಾರೆ. ಮಗುವಿಗೆ ಹತ್ತು ತುಂಬಿದ್ದರೆ ಮುಂದಿನ ಭೇಟಿಯಲ್ಲಿ ಈ ಪರೀಕ್ಷೆ ಮಾಡುತ್ತೀರಾ ಎಂದು ವೈದ್ಯರನ್ನು ನೀವೇ ಕೇಳಿ. ತೂಕ ನೋಡುವಾಗ ಅಂಕಿಯನ್ನು ಮಗುವಿನೆದುರು ಓದಬೇಡಿ ಎಂದೂ ವಿನಂತಿಸಿ. ರಾತ್ರಿ ಹೊತ್ತಿನಲ್ಲಿ ಆತಂಕವಾದರೆ, ಯಾರಲ್ಲಿ ಹೇಳಿಕೊಳ್ಳುವುದೆಂದು ತೋಚದಿದ್ದರೆ ಟೆಲಿ ಮಾನಸ್ ಸಹಾಯವಾಣಿಗೆ ಕರೆ ಮಾಡಿ. ಸಂಖ್ಯೆ 14416, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಕರೆಯನ್ನು ತಂದೆತಾಯಿಯೂ ಮಾಡಬಹುದು, ಮಗು ತಾನೇ ಮಾಡಿದರೂ ಆದೀತು.